ಬಾತ್‌ಟಬ್ಬಿನಲ್ಲಿ ಕುಳಿತ ಛಾಯಾಗ್ರಾಹಕಿ: ಲೀ ಮಿಲ್ಲರ್ ಕುರಿತು ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಬಾತ್‌ಟಬ್ಬಿನಲ್ಲಿ ಕುಳಿತ ಹೆಂಗಸೊಬ್ಬಳ ಫೋಟೊ ಅಚ್ಚಾಗಿತ್ತು. ‘1945, ಮ್ಯೂನಿಕ್, ಹಿಟ್ಲರನ ಮನೆ’ ಎಂಬ ಒಂದು ಸಾಲಿನ ಅಡಿಬರಹ ಏನೇನೂ ಸಾಲದೆಂದು ಆಮೇಲೆ ಬಂದ ಪತ್ರಗಳಿಂದ ಗೊತ್ತಾಯಿತು. ಹಾಗಾಗಿ ಈ ಸಲದ ಅಂಕಣವನ್ನು ಆ ಹೆಂಗಸಿಗೇ, ಎಂದರೆ ಅಮೆರಿಕದ ಛಾಯಾಗ್ರಾಹಕಿ ಲೀ ಮಿಲ್ಲರ್‌ಗೆ (1907–1977) ಬಿಟ್ಟುಕೊಟ್ಟಿದ್ದೇನೆ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ; ಉದ್ದವಾದವನ್ನು ಮೊಟಕುಗೊಳಿಸಿದ್ದೇನೆ.

ಪ್ರಶ್ನೆ (ಶಿವಮೊಗ್ಗದ ಓದುಗರು): ಲಕ್ಷಾಂತರ ಜನರನ್ನು ಕೊಲ್ಲಿಸಿದವನ ಮನೆಯ ಬಚ್ಚಲಿನಲ್ಲಿ ಕುಳಿತು ಫೋಟೊ ತೆಗೆಸಿಕೊಳ್ಳುವುದು ಯಾವ ಪತ್ರಿಕೋದ್ಯಮ? ನನಗಂತೂ ಅದು ಅಗ್ಗದ ಪ್ರಚಾರದಂತೆ ಕಂಡಿತು. ಒಬ್ಬ ಪತ್ರಕರ್ತೆಗೆ ಇದು ಶೋಭೆಯೇ?

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆ ಚಿತ್ರವನ್ನು ಮೊದಲು ನೋಡಿದಾಗ ನನಗೂ ಹೆಚ್ಚುಕಡಿಮೆ ಹಾಗೆಯೇ ಅನ್ನಿಸಿತ್ತು. ನನ್ನ ಅಭಿಪ್ರಾಯ ಬದಲಾದದ್ದು ಆ ಫೋಟೊದ ಕೆಳಭಾಗವನ್ನು ಗಮನಿಸಿದ ಮೇಲೆ. ಟಬ್ಬಿನ ಮುಂದೆ ಹಾಸಿದ ಬಿಳಿ ಮ್ಯಾಟಿನ ಮೇಲೆ ಸೈನಿಕರು ತೊಡುವ ಒಂದು ಜೊತೆ ದಪ್ಪ ಬೂಟುಗಳಿವೆ, ಮ್ಯಾಟು ಕೆಸರಿನಿಂದ ಕೊಳೆಯಾಗಿದೆ. ಅದು ಡಾಖಾವ್‌ನ ಕೆಸರು. ಮ್ಯೂನಿಕ್ ಪಕ್ಕದ ಆ ಸೆರೆಶಿಬಿರವನ್ನು ಅಮೆರಿಕದ ಸೇನೆ ವಶಪಡಿಸಿಕೊಂಡದ್ದು 1945ರ ಏಪ್ರಿಲ್ 29ರಂದು. ಮರುದಿನ, ಏಪ್ರಿಲ್ 30ರಂದು ಲೀ ಅಲ್ಲಿಗೆ ಹೋಗಿ, ಹೆಣಗಳ ರಾಶಿಯನ್ನೂ ಹೆಣಗಳಂತೆಯೇ ಕಾಣುತ್ತಿದ್ದ ಬದುಕುಳಿದವರನ್ನೂ ಕ್ಯಾಮೆರಾದಲ್ಲಿ ಹಿಡಿದು, ಅದೇ ದಿನ ಮ್ಯೂನಿಕ್ ನಗರದ ಪ್ರಿನ್ಸ್‌ರೆಗೆಂಟನ್‌ಪ್ಲಾಟ್ಸ್ 16ರಲ್ಲಿದ್ದ ಹಿಟ್ಲರನ ಫ್ಲ್ಯಾಟಿಗೆ ಬಂದಿದ್ದಳು. ಅಮೆರಿಕದ ಸೈನಿಕರು ಆಗಲೇ ಅಲ್ಲಿ ಬೀಡುಬಿಟ್ಟಿದ್ದರು. ನಲ್ಲಿಯಲ್ಲಿ ಬಿಸಿನೀರು ಬರುತ್ತಿತ್ತು. ಆಕೆ ಸ್ನಾನ ಕಂಡು ವಾರಗಳೇ ಆಗಿದ್ದವು.

ಚಿತ್ರ ತೆಗೆದವನು ‘ಲೈಫ್’ ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಶೆರ್ಮನ್, ಆಕೆಯ ಜೊತೆಗೇ ಯುದ್ಧ ಸುತ್ತಿದ ಯಹೂದಿ ಗೆಳೆಯ. ಟಬ್ಬಿನ ಅಂಚಿನಲ್ಲಿ ಗೋಡೆಗೊರಗಿಸಿ ಹಿಟ್ಲರನ ಅಧಿಕೃತ ಭಾವಚಿತ್ರವನ್ನು ನಿಲ್ಲಿಸಿದ್ದಾರೆ. ಇನ್ನೊಂದು ಬದಿಯ ಮೇಜಿನ ಮೇಲೆ ಹಳೆಯ ಗ್ರೀಕ್ ಮಾದರಿಯ ಸಣ್ಣ ಹೆಣ್ಣು ಪ್ರತಿಮೆ ಇದೆ. ನಡುವೆ ಲೀ, ಭುಜ ಉಜ್ಜಿಕೊಳ್ಳುತ್ತ, ನಗು ಇಲ್ಲದ ಮುಖದಲ್ಲಿ ಬೇರೆಲ್ಲೋ ನೋಡುತ್ತಿದ್ದಾಳೆ. ಎಲ್ಲವೂ ಬೇಕೆಂದೇ ಜೋಡಿಸಿದ್ದು, ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಫ್ಯಾಷನ್ ಪತ್ರಿಕೆಗೆ ಸೋಪಿನ ಜಾಹೀರಾತು ಹೊಂದಿಸುವವರು ಹೇಗೆ ಒಂದೊಂದು ವಸ್ತುವಿಗೂ ಅದರದೇ ಜಾಗ ಹುಡುಕುತ್ತಾರೋ ಹಾಗೆಯೇ ಇಲ್ಲೂ ಹುಡುಕಲಾಗಿದೆ. ಆದರೆ ಈ ಜೋಡಣೆಯಲ್ಲಿ ಸುಳ್ಳಿಲ್ಲ. ಬೆಳಿಗ್ಗೆ ಶಿಬಿರದಲ್ಲಿ ಮೆತ್ತಿಕೊಂಡ ಕೆಸರನ್ನು ಆ ಶಿಬಿರಗಳಿಗೆ ಕಾರಣನಾದವನ ಬಚ್ಚಲುಮನೆಯ ಬಿಳಿ ಮ್ಯಾಟಿಗೆ ಒರೆಸಿದ್ದು ನಿಜ. ಆಮೇಲೆ ಶೆರ್ಮನ್ ತಾನೂ ಅದೇ ಟಬ್ಬಿಗಿಳಿದ, ಆಕೆ ಅವನ ಚಿತ್ರ ತೆಗೆದಳು. ಅದೇ ದಿನ ಬರ್ಲಿನ್ನಿನ ಬಂಕರಿನಲ್ಲಿ ಹಿಟ್ಲರ್ ಆತ್ಮಹತ್ಯೆ ಮಾಡಿಕೊಂಡ. ಫೋಟೊ ತೆಗೆಯುವಾಗ ಅದು ಇವರಿಬ್ಬರಿಗೂ ತಿಳಿದಿರಲಿಲ್ಲ.

ಶೋಭೆಯ ಮಾತು ಹಾಗಿರಲಿ. ಇನ್ನೊಮ್ಮೆ ಆ ಚಿತ್ರ ನೋಡುವಾಗ ಮುಖದಿಂದ ಶುರುಮಾಡದೆ ಬೂಟಿನಿಂದ ಶುರುಮಾಡಿ ಎಂದಷ್ಟೇ ನನ್ನ ವಿನಂತಿ.

ಪ್ರಶ್ನೆ (ಹುಬ್ಬಳ್ಳಿಯ ವಿದ್ಯಾರ್ಥಿನಿ): ಲೀ ಮಿಲ್ಲರ್ ಮೊದಲು ಮಾಡೆಲ್ ಆಗಿದ್ದಳು ಎಂದು ಓದಿದ್ದೇನೆ. ಕ್ಯಾಮೆರಾದ ಮುಂದೆ ನಿಲ್ಲುತ್ತಿದ್ದವಳು ಕ್ಯಾಮೆರಾದ ಹಿಂದಕ್ಕೆ ಹೋದದ್ದು ಹೇಗೆ? ಯಾರ ಬಳಿ ಕಲಿತಳು?

ಉತ್ತರ: ಕ್ಯಾಮೆರಾ ಆಕೆಗೆ ಹುಟ್ಟಿದ ಮನೆಯಲ್ಲೇ ಇತ್ತು. ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿ ಎಂಬ ಊರಿನಲ್ಲಿ ಎಂಜಿನಿಯರ್ ಆಗಿದ್ದ ತಂದೆ ಥಿಯೊಡೋರ್ ಮಿಲ್ಲರ್ ಹವ್ಯಾಸಿ ಛಾಯಾಗ್ರಾಹಕ. ಮಗಳನ್ನು ಅವನು ಎಡೆಬಿಡದೆ ತೆಗೆಯುತ್ತಿದ್ದ. ಅವುಗಳಲ್ಲಿ ಕೆಲವು ಇಂದಿನ ಕಣ್ಣಿಗೆ ಕಸಿವಿಸಿ ಹುಟ್ಟಿಸುವಂಥವು. ಏಳನೆಯ ವಯಸ್ಸಿನಲ್ಲಿ ಮನೆಯವರ ಪರಿಚಯಸ್ಥನೊಬ್ಬನಿಂದ ಆಕೆ ಅತ್ಯಾಚಾರಕ್ಕೊಳಗಾಗಿದ್ದಳೆಂಬುದು ಬಹಳ ವರ್ಷ ಹೊರಗೆ ಬಾರದ ಸಂಗತಿ. ಬದುಕಿನ ಎಲ್ಲವನ್ನೂ ಅದೊಂದರಿಂದಲೇ ವಿವರಿಸಲು ಹೊರಡುವ ಬರಹಗಳು ನನಗೆ ಹಿಡಿಸುವುದಿಲ್ಲ, ಆದರೆ ಅದನ್ನು ಬಿಟ್ಟು ಬರೆಯುವುದೂ ಸರಿಯಲ್ಲ.

ಹದಿನೆಂಟರಲ್ಲಿ ಪ್ಯಾರಿಸ್‌ಗೆ ಹೋಗಿ ರಂಗಭೂಮಿಯ ಬೆಳಕು ಮತ್ತು ವಿನ್ಯಾಸ ಕಲಿತಳು. ಈ ಬೆಳಕಿನ ಪಾಠವನ್ನು ಜೀವನಚರಿತ್ರೆಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ, ನೀವು ದಾಟಬೇಡಿ. ನ್ಯೂಯಾರ್ಕಿಗೆ ಮರಳಿದ ಮೇಲೆ ಒಂದು ದಿನ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿಬೀಳಲಿದ್ದವಳನ್ನು ಹಿಂದಕ್ಕೆಳೆದವರು ‘ವೋಗ್’ ಎಂಬ ಫ್ಯಾಷನ್ ಪತ್ರಿಕೆಯ ಒಡೆಯ ಕೊಂಡೆ ನಾಸ್ಟ್ ಎಂಬ ಕಥೆ ಪ್ರಸಿದ್ಧವಾಗಿದೆ. 1927ರ ಮಾರ್ಚ್ ತಿಂಗಳಲ್ಲಿ ಆಕೆಯ ಮುಖ ಚಿತ್ರಕಾರ ಜಾರ್ಜ್ ಲಪಾಪ್‌ನ ಕೈಯಲ್ಲಿ ಆ ಪತ್ರಿಕೆಯ ಮುಖಪುಟಕ್ಕೆ ಬಂತು. ಎಡ್ವರ್ಡ್ ಸ್ಟೈಕನ್‌ನಂಥ ಹೆಸರಾಂತ ಛಾಯಾಗ್ರಾಹಕರು ಆಕೆಯನ್ನು ತೆಗೆದರು. ಸ್ಟೈಕನ್ ತೆಗೆದ ಒಂದು ಚಿತ್ರ ಆಕೆಯ ಒಪ್ಪಿಗೆಯಿಲ್ಲದೆ ಕೋಟೆಕ್ಸ್ ಸ್ಯಾನಿಟರಿ ಪ್ಯಾಡಿನ ಜಾಹೀರಾತಿಗೆ ಬಳಕೆಯಾಯಿತು. ಮುಟ್ಟಿನ ಮಾತನ್ನೇ ಆಡದ ಕಾಲದಲ್ಲಿ ನಿಜವಾದ ಹೆಂಗಸಿನ ಫೋಟೊ ಅಂಥ ಜಾಹೀರಾತಿನಲ್ಲಿ ಬಂದದ್ದು ದೊಡ್ಡ ಗದ್ದಲವಾಯಿತು. ತನ್ನ ಚಿತ್ರದ ಮೇಲೆ ತನಗೇ ಹಕ್ಕಿಲ್ಲ ಎಂಬುದು ಆಕೆಗೆ ಅಲ್ಲಿ ಅರ್ಥವಾಗಿರಬೇಕು.

1929ರಲ್ಲಿ ಪುನಃ ಪ್ಯಾರಿಸ್. ಅಲ್ಲಿ ಮ್ಯಾನ್ ರೇ ಎಂಬ ಅಮೆರಿಕದ ಕಲಾವಿದನನ್ನು ಹುಡುಕಿಕೊಂಡು ಹೋಗಿ, ನಾನು ನಿಮ್ಮ ಹೊಸ ಶಿಷ್ಯೆ ಎಂದಳು. ಶಿಷ್ಯರನ್ನು ಇಟ್ಟುಕೊಳ್ಳುವುದಿಲ್ಲ, ಅದೂ ಅಲ್ಲದೆ ನಾನು ಊರು ಬಿಟ್ಟು ರಜೆಗೆ ಹೊರಟಿದ್ದೇನೆ ಎಂದ ಅವನು. ನಾನೂ ನಿಮ್ಮ ಜೊತೆಗೇ ಹೊರಟಿದ್ದೇನೆ ಎಂದಳು ಈಕೆ. ಶಿಷ್ಯೆ, ಸಹಾಯಕಿ, ಪ್ರೇಯಸಿ, ಸಹೋದ್ಯೋಗಿ, ಹೀಗೆ ಎಲ್ಲವೂ ಆಗಿ ಮೂರು ವರ್ಷ ಅಲ್ಲಿದ್ದಳು. ಆ ಕಾಲದಲ್ಲಿ ಮ್ಯಾನ್ ರೇ ಹೆಸರಿನಲ್ಲಿ ಹೊರಬಿದ್ದ ಕೆಲಸಗಳಲ್ಲಿ ಕೆಲವು ಆಕೆಯವು.

ಸೋಲರೈಸೇಷನ್ ಎಂಬ ತಂತ್ರದ ಕಥೆಯೂ ಆಗಿನದೇ. ಡಾರ್ಕ್‌ರೂಮಿನಲ್ಲಿ ಕಾಲ ಮೇಲೆ ಇಲಿಯೊಂದು ಹಾದುಹೋದಂತಾಗಿ ಆಕೆ ಕಿರುಚಿ ದೀಪ ಹಾಕಿದಳು. ತೊಟ್ಟಿಯಲ್ಲಿ ನೆಗೆಟಿವ್‌ಗಳು ಅರೆಬೆಂದ ಸ್ಥಿತಿಯಲ್ಲಿದ್ದವು. ಬೆಳಕು ತಾಗಿದ ಮೇಲೂ ಅವುಗಳನ್ನು ಪೂರ್ತಿ ಸಂಸ್ಕರಿಸಿ ನೋಡಿದರೆ ಕಪ್ಪು ಬಿಳಿಗಳು ಅರ್ಧಂಬರ್ಧ ತಿರುವುಮುರುವಾಗಿ, ದೇಹದ ಸುತ್ತ ಪೆನ್ಸಿಲಿನಿಂದ ಎಳೆದಂಥ ಗೆರೆ ಮೂಡಿತ್ತು. ಈ ಪರಿಣಾಮ ಹತ್ತೊಂಬತ್ತನೆಯ ಶತಮಾನದಲ್ಲೇ ತಿಳಿದಿತ್ತು. ಅದನ್ನು ಹತೋಟಿಗೆ ತಂದು ಭಾವಚಿತ್ರಕ್ಕೆ ಬಳಸಿದ್ದು ಇವರಿಬ್ಬರ ಸಾಧನೆ. (ನಾನು ಎಳೆಯ ವಯಸ್ಸಿನಲ್ಲಿ ಕೆಲಸ ಕಲಿಯುತ್ತಿದ್ದ ಸ್ಟುಡಿಯೊದಲ್ಲಿ ಇಂಥದೇ ಆಗಿತ್ತು. ಡೆವಲಪರಿನಲ್ಲಿ ಎಂಟು ಪಾಸ್‌ಪೋರ್ಟ್ ಪ್ರಿಂಟುಗಳಿದ್ದಾಗ ಚಹಾ ತಂದ ಹುಡುಗ ಬಾಗಿಲು ತೆರೆದ. ಮಾಲೀಕರು ನಮ್ಮಿಬ್ಬರಿಗೂ ಬೈದು ಪ್ರಿಂಟುಗಳನ್ನು ಬುಟ್ಟಿಗೆಸೆದರು. ಅವುಗಳನ್ನು ಹೈಪೋದಲ್ಲಿ, ಎಂದರೆ ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣದಲ್ಲಿ, ಅದ್ದಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ.)

ಪ್ರಶ್ನೆ (ಮೈಸೂರಿನಲ್ಲಿ ಸ್ಟುಡಿಯೊ ನಡೆಸುವ ಓದುಗರು): ಭಾವಚಿತ್ರಗಾರ್ತಿಯಾಗಿ ಆಕೆಯ ಯೋಗ್ಯತೆ ಏನು? ಎಲ್ಲರೂ ಯುದ್ಧದ ಚಿತ್ರಗಳನ್ನೇ ಹೊಗಳುತ್ತಾರೆ.

ಉತ್ತರ: ಸ್ಟುಡಿಯೊ ನಡೆಸುವವರೇ ಕೇಳಬೇಕಾದ ಪ್ರಶ್ನೆ ಇದು. 1932ರಲ್ಲಿ ಮ್ಯಾನ್ ರೇಯನ್ನು ಬಿಟ್ಟು ಬಂದ ಲೀ, ನ್ಯೂಯಾರ್ಕಿನಲ್ಲಿ ತಮ್ಮ ಎರಿಕ್‌ನನ್ನು ಡಾರ್ಕ್‌ರೂಮಿಗೆ ಹಾಕಿಕೊಂಡು ಸ್ವಂತ ಸ್ಟುಡಿಯೊ ತೆರೆದಳು. ಅಮೆರಿಕ ಆರ್ಥಿಕ ಕುಸಿತದ ತಳ ಮುಟ್ಟಿದ್ದ ಕಾಲ. ಆಗಲೂ ಗಿರಾಕಿಗಳು ಬಂದರು. ಸುಗಂಧದ ಸೀಸೆ, ಉಡುಪು, ನಟನಟಿಯರು ಎಲ್ಲವನ್ನೂ ತೆಗೆದಳು. ಜೋಸೆಫ್ ಕಾರ್ನೆಲ್ ಎಂಬ ಕಲಾವಿದನನ್ನು, ಅವನೇ ಮಾಡಿದ ಆಟಿಕೆ ಹಾಯಿದೋಣಿಯೂ ಅವನ ಮುಖವೂ ಒಂದೇ ವಸ್ತುವೋ ಎಂಬಂತೆ ತೆಗೆದಿದ್ದಾಳೆ. ಕಪ್ಪು ವರ್ಣೀಯ ಗಾಯಕರೇ ತುಂಬಿದ್ದ 1934ರ ಒಂದು ಆಪೆರಾದ ತಂಡದವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಶ್ರೀಮಂತ ಗಿರಾಕಿಗಳಿಗೆ ಕೊಡುತ್ತಿದ್ದ ಬೆಳಕನ್ನೇ ಅವರಿಗೂ ಕೊಟ್ಟು ತೆಗೆದಳು. ಅಂದಿನ ಅಮೆರಿಕದಲ್ಲಿ ಇದು ಸಣ್ಣ ವಿಷಯವಲ್ಲ. 1933ರಲ್ಲಿ ಜೂಲಿಯನ್ ಲೆವಿ ಗ್ಯಾಲರಿಯಲ್ಲಿ ಆಕೆಯ ಚಿತ್ರಗಳ ಪ್ರದರ್ಶನವಾಯಿತು.

ಸ್ಟುಡಿಯೊ ಚೆನ್ನಾಗಿ ನಡೆಯುತ್ತಿದ್ದಾಗಲೇ ಅದನ್ನು ಮುಚ್ಚಿ, ಈಜಿಪ್ಟಿನ ಉದ್ಯಮಿ ಅಜೀಜ್ ಎಲೂಯಿ ಬೇಯನ್ನು ಮದುವೆಯಾಗಿ ಕೈರೋಗೆ ಹೊರಟುಬಿಟ್ಟಳು. ವೃತ್ತಿಯ ಲೆಕ್ಕದಲ್ಲಿ ಅದು ಮೂರ್ಖತನ. ಆದರೆ ಆಕೆಯ ಚಿತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಹುಟ್ಟಿದ್ದು ಅಲ್ಲಿಯೇ, 1937ರಲ್ಲಿ, ಸಿವಾ ಓಯಸಿಸ್ ಹತ್ತಿರ. ಗುಡಾರದ ಹರಿದ ಸೊಳ್ಳೆಪರದೆಯ ತೂತಿನಿಂದ ಮರುಭೂಮಿಯನ್ನು ನೋಡುತ್ತೇವೆ. ಪರದೆಯ ಮೇಲೊಂದು ಖಾಲಿ ಚೌಕಟ್ಟು ತೂಗುತ್ತಿದೆ. ದೂರದಲ್ಲಿ ಮರಳು, ಕಲ್ಲು, ಆಕಾಶ. ಅದಕ್ಕೆ ಆಕೆ ಇಟ್ಟ ಹೆಸರು ‘ಪೋರ್ಟ್ರೇಟ್ ಆಫ್ ಸ್ಪೇಸ್’, ಅಂದರೆ ಬಯಲಿನ ಭಾವಚಿತ್ರ. ಮುಖವೇ ಇಲ್ಲದ ಆ ಚಿತ್ರವನ್ನು ಭಾವಚಿತ್ರವೆಂದು ಕರೆಯುವ ಧೈರ್ಯ, ಹತ್ತಾರು ವರ್ಷ ತನ್ನ ಮುಖವನ್ನೇ ಇತರರಿಗೆ ಕೊಟ್ಟು ಸಾಕಾದವಳದು ಎಂದು ನನಗೆ ತೋರುತ್ತದೆ.

ನಿಮ್ಮ ಕಸುಬಿಗೆ ನೇರವಾಗಿ ಉಪಯೋಗವಾಗುವ ಒಂದು ಮಾತು: ಲೀ ತೆಗೆದ ಭಾವಚಿತ್ರಗಳಲ್ಲಿ ಜನ ಸಾಮಾನ್ಯವಾಗಿ ತಮ್ಮ ಕೆಲಸದ ನಡುವೆ, ತಮ್ಮ ಸಾಮಾನುಗಳ ನಡುವೆ ಇರುತ್ತಾರೆ. ಪಿಕಾಸೊನನ್ನು ಆಕೆ ದಶಕಗಳ ಕಾಲ ನೂರಾರು ಸಲ ತೆಗೆದಳು, ಆತನೂ ಆಕೆಯನ್ನು ಹಲವು ಸಲ ಚಿತ್ರಿಸಿದ. ಗೆಳೆತನವಿದ್ದದ್ದರಿಂದ ಪಿಕಾಸೊ ಆ ಫೋಟೊಗಳಲ್ಲಿ ‘ಪಿಕಾಸೊ’ ಆಗಲು ಹೋಗಿಲ್ಲ.

ಪ್ರಶ್ನೆ (ಮಂಗಳೂರಿನ ಓದುಗರು): ಸೀರೆ ಒಡವೆಯ ಪತ್ರಿಕೆಯೊಂದು ತನ್ನ ಛಾಯಾಗ್ರಾಹಕಿಯನ್ನು ಯುದ್ಧಭೂಮಿಗೆ ಕಳಿಸುವುದೆಂದರೆ ನಂಬುವುದು ಕಷ್ಟ. ಆಗ ಹೆಂಗಸರಿಗೆ ಅದಕ್ಕೆ ಅನುಮತಿ ಇತ್ತೇ?

ಉತ್ತರ: ಮುಂಚೂಣಿಗೆ ಹೋಗಲು ಇರಲಿಲ್ಲ. ಅದೇ ಸ್ವಾರಸ್ಯ.

1939ರಲ್ಲಿ ಯುದ್ಧ ಶುರುವಾದಾಗ ಲೀ ಕೈರೋ ಬಿಟ್ಟು ಲಂಡನ್ನಿನಲ್ಲಿದ್ದಳು. ಇಂಗ್ಲಿಷ್ ಕಲಾವಿದ ರೋಲಂಡ್ ಪೆನ್‌ರೋಸ್‌ನ ಜೊತೆ ಬಾಳುತ್ತಿದ್ದಳು. ಅಮೆರಿಕಕ್ಕೆ ಮರಳಿರೆಂಬ ಸಲಹೆಯನ್ನು ಕಡೆಗಣಿಸಿ ಬ್ರಿಟಿಷ್ ‘ವೋಗ್’ ಸೇರಿದಳು. ಬಟ್ಟೆಗೆ ರೇಷನ್, ಮಾಡೆಲುಗಳ ಹಿಂದೆ ಬಾಂಬಿಗೆ ಕುಸಿದ ಗೋಡೆಗಳು. ಜರ್ಮನ್ ವಿಮಾನಗಳು ಲಂಡನ್ನಿನ ಮೇಲೆ ರಾತ್ರಿರಾತ್ರಿ ಬಾಂಬು ಸುರಿಯುತ್ತಿದ್ದ ಆ ತಿಂಗಳುಗಳಲ್ಲಿ ಆಕೆ ತೆಗೆದ ಚಿತ್ರಗಳಲ್ಲಿ ಬೊಬ್ಬೆ ಇಲ್ಲ, ವ್ಯಂಗ್ಯವಿದೆ. ಚರ್ಚೊಂದರ ಬಾಗಿಲಿನಿಂದ ಭಕ್ತರು ಹೊರಬರುವ ಬದಲು ಇಟ್ಟಿಗೆಗಳ ರಾಶಿ ಹೊರಬರುತ್ತಿದೆ. ನಜ್ಜುಗುಜ್ಜಾದ ಒಂದು ಟೈಪ್‌ರೈಟರಿನ ಚಿತ್ರಕ್ಕೆ ‘ರೆಮಿಂಗ್ಟನ್ ಸೈಲೆಂಟ್’ ಎಂದು ಹೆಸರಿಟ್ಟಿದ್ದಾಳೆ. ಸದ್ದು ಮಾಡದ ಟೈಪ್‌ರೈಟರ್ ಎಂಬ ಕಂಪನಿಯ ಹೆಮ್ಮೆ ಅಲ್ಲಿ ಪೂರ್ತಿ ನಿಜವಾಗಿದೆ. ಬೆಂಕಿಬಾಂಬಿನಿಂದ ರಕ್ಷಿಸುವ ಮುಖವಾಡ ತೊಟ್ಟ ಇಬ್ಬರು ಯುವತಿಯರು ಶೆಲ್ಟರಿನ ಬಾಯಲ್ಲಿ ಕುಳಿತಿರುವ 1941ರ ಚಿತ್ರವನ್ನು ನೋಡಿ: ಫ್ಯಾಷನ್ ಚಿತ್ರವೋ ಯುದ್ಧದ ಚಿತ್ರವೋ ಎಂದು ಕೇಳಿದರೆ ನಾನು ಉತ್ತರಿಸಲಾರೆ.

ಬ್ರಿಟಿಷ್ ಸೇನೆ ಹೆಂಗಸರನ್ನು ಯುದ್ಧ ವರದಿಗಾರರೆಂದು ಮಾನ್ಯ ಮಾಡುತ್ತಿರಲಿಲ್ಲ. ಆದರೆ ಲೀ ಅಮೆರಿಕದ ಪ್ರಜೆ. 1942ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯಿಂದ ಮಾನ್ಯತೆ ಪಡೆದು ಸಮವಸ್ತ್ರ ಹೊಲಿಸಿಕೊಂಡಳು. ಬೆನ್ನಿಗೆ ನಿಂತವಳು ಸಂಪಾದಕಿ ಆಡ್ರಿ ವಿದರ್ಸ್. ಮಹಿಳೆಯರ ಪತ್ರಿಕೆ ಯುದ್ಧದ ಕಡೆ ಕಣ್ಣು ಮುಚ್ಚಿಕೊಂಡು ಕೂರಲಾಗದೆಂದು ನಂಬಿದ್ದವಳು ಆಕೆ. ಆ ಹೆಂಗಸಿಗೆ ಸಲ್ಲಬೇಕಾದ ಶ್ರೇಯಸ್ಸು ಇನ್ನೂ ಪೂರ್ತಿ ಸಂದಿಲ್ಲ.

1944ರ ಬೇಸಗೆಯಲ್ಲಿ ನಾರ್ಮಂಡಿಗೆ ಹೋದದ್ದು ಸೇನಾ ಆಸ್ಪತ್ರೆಯ ನರ್ಸುಗಳ ಕುರಿತ ಲೇಖನಕ್ಕಾಗಿ. ಆಗಸ್ಟ್ ತಿಂಗಳಲ್ಲಿ ಫ್ರಾನ್ಸಿನ ಸಾಂ ಮಾಲೊ ಎಂಬ ಕಡಲತೀರದ ಕೋಟೆಯೂರಿಗೆ ಕಳಿಸಿದಾಗ, ಅಲ್ಲಿ ಹೋರಾಟ ಮುಗಿದಿದೆ ಎಂದೇ ಅಧಿಕಾರಿಗಳ ಕಲ್ಪನೆ. ಮುಗಿದಿರಲಿಲ್ಲ. ಜರ್ಮನ್ ಕರ್ನಲ್ ಫಾನ್ ಔಲಾಕ್ ತನ್ನ ತುಕಡಿಯೊಂದಿಗೆ ಕೋಟೆಯಲ್ಲಿ ಕುಳಿತು ಆಗಸ್ಟ್ 17ರವರೆಗೂ ಶರಣಾಗಲಿಲ್ಲ. ಮುತ್ತಿಗೆಯ ನಡುವೆ ಸಿಕ್ಕಿಕೊಂಡ ಲೀ, ಬೇರೆ ಛಾಯಾಗ್ರಾಹಕರಾರೂ ಇಲ್ಲದ ಆ ಊರಿನಲ್ಲಿ ಒಬ್ಬಳೇ ಉಳಿದಳು. ಶೆಲ್ಲುಗಳು ಬೀಳುತ್ತಿದ್ದಾಗ ಜರ್ಮನ್ನರು ತೋಡಿದ್ದ ಹೊಂಡವೊಂದರಲ್ಲಿ ಅಡಗಿಕೊಂಡೆ, ನನ್ನ ಬೂಟಿನ ಹಿಮ್ಮಡಿ ಯಾರದೋ ತುಂಡಾದ ಕೈಯ ಮೇಲೆ ಊರಿತ್ತು, ಜರ್ಮನ್ನರನ್ನು ಶಪಿಸುತ್ತ ಅದನ್ನೆತ್ತಿ ರಸ್ತೆಯಾಚೆಗೆ ಎಸೆದು ಓಡಿದೆ ಎಂದು ಆಕೆ ಬರೆದಿದ್ದಾಳೆ. ಸೌಂದರ್ಯ ಪ್ರಸಾಧನಗಳ ಜಾಹೀರಾತಿನ ಪುಟಗಳ ಜೊತೆಗೇ ಅಚ್ಚಾದ ವರದಿ ಅದು. ಆಕೆ ತೆಗೆದ ವಾಯುದಾಳಿಯ ಚಿತ್ರಗಳನ್ನು ಸೆನ್ಸಾರಿನವರು ಹಿಡಿದಿಟ್ಟುಕೊಂಡರು. ಆಗಿನ್ನೂ ಗುಟ್ಟಾಗಿದ್ದ ನೇಪಾಮ್ ಎಂಬ ಬೆಂಕಿಬಾಂಬು ಅವುಗಳಲ್ಲಿ ಕಾಣುತ್ತಿತ್ತು. ಹೋರಾಟದ ಪ್ರದೇಶದಲ್ಲಿ ಹೆಂಗಸು ಇದ್ದದ್ದು ನಿಯಮೋಲ್ಲಂಘನೆಯಾದ್ದರಿಂದ ಸೇನೆ ಆಕೆಯನ್ನು ಕೆಲಕಾಲ ಗೃಹಬಂಧನದಲ್ಲಿಟ್ಟಿತು.

ಅಲ್ಲಿಂದ ಬಿಡುಗಡೆಯಾದ ಪ್ಯಾರಿಸ್‌ಗೆ. ಅಲ್ಲಿ ಫ್ಯಾಷನ್ ಮನೆಗಳು ಬಾಗಿಲು ತೆರೆಯುತ್ತಿದ್ದಂತೆಯೇ ಉಡುಪುಗಳ ಚಿತ್ರ ತೆಗೆಯುವ ಹೊಣೆಯೂ ಈಕೆಗೇ ಬಿತ್ತು. ಆ ಚಿತ್ರಗಳಲ್ಲಿ ನಾಜೂಕು ಸಾಲದೆಂದು ನ್ಯೂಯಾರ್ಕಿನ ಕಚೇರಿ ಗೊಣಗಿತು. ಕಲ್ಲಿದ್ದಲಿಲ್ಲ, ವಿದ್ಯುತ್ತಿಲ್ಲ, ಯುದ್ಧ ನಡೆಯುತ್ತಲೇ ಇದೆ, ಅಂಥದರಲ್ಲಿ ನಾಜೂಕು!

ಪ್ರಶ್ನೆ (ಬಳ್ಳಾರಿಯ ಯುವ ಛಾಯಾಗ್ರಾಹಕರು): ಯಾವ ಕ್ಯಾಮೆರಾ ಬಳಸುತ್ತಿದ್ದಳು?

ಉತ್ತರ: ಹೆಚ್ಚಾಗಿ ರೋಲಿಫ್ಲೆಕ್ಸ್. ಒಂದರ ಮೇಲೊಂದು ಎರಡು ಲೆನ್ಸು, ಒಂದು ನೋಡಲು, ಒಂದು ತೆಗೆಯಲು. ಕಣ್ಣಿಗೆ ಹಿಡಿಯುವ ಕ್ಯಾಮೆರಾ ಅಲ್ಲ. ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು, ಗಾಜಿನ ಮೇಲೆ ಎಡಬಲ ಅದಲುಬದಲಾಗಿ ಕಾಣುತ್ತದೆ. ಒಂದು ರೋಲಿಗೆ ಹನ್ನೆರಡೇ ಚಿತ್ರ, ಚೌಕಾಕಾರದವು. ದೂರದ್ದನ್ನು ಹತ್ತಿರ ತರುವ ಲೆನ್ಸು ಹಾಕುವಂತಿಲ್ಲ. ಹತ್ತಿರದಿಂದ ಬೇಕಾದರೆ ನೀವೇ ಹತ್ತಿರ ಹೋಗಬೇಕು. ಮುಂದಿನ ಪ್ರಶ್ನೆಗೂ ಈ ಉತ್ತರಕ್ಕೂ ಸಂಬಂಧವಿದೆ.

ಪ್ರಶ್ನೆ (ಧಾರವಾಡದ ಶಿಕ್ಷಕಿ): ಸತ್ತವರ ಚಿತ್ರ ತೆಗೆದು ಅಚ್ಚು ಹಾಕುವುದು ಸತ್ತವರಿಗೆ ಮಾಡುವ ಇನ್ನೊಂದು ಅವಮಾನವಲ್ಲವೆ? ಆಕೆಗೆ ಈ ಅಳುಕು ಇರಲಿಲ್ಲವೆ?

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಕೂರಿಸಿದ್ದು ನಿಮ್ಮ ಪತ್ರ.

ಬುಖೆನ್‌ವಾಲ್ಡ್ ಮತ್ತು ಡಾಖಾವ್ ಸೆರೆಶಿಬಿರಗಳ ಚಿತ್ರಗಳನ್ನು ಕಳಿಸುವಾಗ ಲೀ ಲಂಡನ್ನಿನ ಸಂಪಾದಕಿಗೆ ತಂತಿ ಹೊಡೆದು, ಇದು ನಿಜವೆಂದು ದಯವಿಟ್ಟು ನಂಬಿ ಎಂದು ಅಂಗಲಾಚಿದಳು. ಆ ಮಾತಿಗೆ ಕಾರಣವಿದೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರ ಕ್ರೌರ್ಯದ ಕುರಿತು ಹಬ್ಬಿದ್ದ ಹಲವು ಕಥೆಗಳು ಆಮೇಲೆ ಕಟ್ಟುಕಥೆಗಳೆಂದು ಬಯಲಾಗಿದ್ದವು. ಈ ಸಲವೂ ಜನ ಹಾಗೆಯೇ ಅಂದುಕೊಂಡಾರು ಎಂಬ ಭಯ ನೋಡಿಬಂದವರಿಗೆಲ್ಲ ಇತ್ತು. ಅಮೆರಿಕದ ‘ವೋಗ್’ 1945ರ ಜೂನ್ ಸಂಚಿಕೆಯಲ್ಲಿ ‘ನಂಬಿ’ ಎಂಬರ್ಥದ ಶೀರ್ಷಿಕೆ ಕೊಟ್ಟು ಹೆಣಗಳ ಚಿತ್ರಗಳನ್ನು ಅಚ್ಚು ಹಾಕಿತು. ಬ್ರಿಟಿಷ್ ಆವೃತ್ತಿಯಲ್ಲಿ ಸಣ್ಣದೊಂದು ಚಿತ್ರ ಮಾತ್ರ ಬಂತು. ಗೆಲುವಿನ ಸಂಭ್ರಮದಲ್ಲಿದ್ದ ಓದುಗರಿಗೆ ಇದು ಬೇಡವಾಗಿತ್ತು ಎಂದು ವಿದರ್ಸ್ ಆಮೇಲೆ ಪೇಚಾಡಿಕೊಂಡಳು.

ಆದರೂ ನಿಮ್ಮ ಪ್ರಶ್ನೆ ಹಾಗೇ ಉಳಿಯುತ್ತದೆ. ನಾನು ಕಂಡಂತೆ, ಆಕೆಯ ಅಳುಕು ಇರುವುದು ಚಿತ್ರಗಳ ಒಳಗೆ. ಶಿಬಿರದ ಹಲವು ಚಿತ್ರಗಳಲ್ಲಿ ಹೆಣಗಳ ಜೊತೆಗೆ ಅವನ್ನು ನೋಡುತ್ತಿರುವ ಸೈನಿಕರೂ ಇದ್ದಾರೆ, ನೋಡುವ ಕೆಲಸವೇ ಅಲ್ಲಿ ಚಿತ್ರವಾಗಿದೆ. ಕೈದಿಗಳಿಂದ ಹೊಡೆತ ತಿಂದು ಮುಖ ಊದಿದ ಕಾವಲುಗಾರರನ್ನೂ, ಕಾಲುವೆಯ ನೀರಿನಲ್ಲಿ ತೇಲುತ್ತಿರುವ, ನಾಜಿಗಳ ಎಸ್‌ಎಸ್ ಪಡೆಯ ಸತ್ತ ಕಾವಲುಗಾರನನ್ನೂ ತೆಗೆದಿದ್ದಾಳೆ. ತೇಲುವ ಹೆಣದ ಆ ಚಿತ್ರ ಎಷ್ಟು ಸುಂದರವಾಗಿದೆಯೆಂದರೆ, ನೋಡಿದವರಿಗೆ ತಾವು ಮೆಚ್ಚಿಕೊಂಡದ್ದಕ್ಕೇ ನಾಚಿಕೆಯಾಗುತ್ತದೆ.

ಲೈಪ್‌ಜಿಗ್ ನಗರದ ಚಿತ್ರವನ್ನು ಮಾತ್ರ ಸ್ವಲ್ಪ ವಿವರಿಸುತ್ತೇನೆ. 1945ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಸೇನೆ ಊರು ಹೊಕ್ಕಾಗ ನಗರಾಡಳಿತದ ಹಿರಿಯ ನಾಜಿ ಅಧಿಕಾರಿಯೊಬ್ಬ ಹೆಂಡತಿ ಮಗಳೊಂದಿಗೆ ಕಚೇರಿಯಲ್ಲೇ ವಿಷ ತೆಗೆದುಕೊಂಡಿದ್ದ. ಅದೇ ಕೋಣೆಯನ್ನು ‘ಲೈಫ್’ ಪತ್ರಿಕೆಯ ಮಾರ್ಗರೆಟ್ ಬರ್ಕ್ ವೈಟ್ ಕೂಡ ತೆಗೆದಿದ್ದಾಳೆ, ಮರುವರ್ಷ ಭಾರತಕ್ಕೆ ಬಂದು ಚರಕದ ಪಕ್ಕದಲ್ಲಿ ಕುಳಿತ ಗಾಂಧೀಜಿಯವರ ಚಿತ್ರ ತೆಗೆದವಳು ಆಕೆಯೇ. ಲೀ ಆ ಅಧಿಕಾರಿಯ ಮಗಳ ಬಳಿಗೆ ಹೋದಳು, ರೋಲಿಫ್ಲೆಕ್ಸ್ ಹಿಡಿದವರು ಹೋಗಲೇಬೇಕಾದಷ್ಟು ಹತ್ತಿರ. ಚರ್ಮದ ಸೋಫಾದ ಮೇಲೆ ತಲೆ ಹಿಂದಕ್ಕೊರಗಿಸಿ ಮಲಗಿದ್ದಾಳೆ ಹುಡುಗಿ. ತೋಳಿಗೆ ದಾದಿಯರ ಪಟ್ಟಿ, ತುಸು ತೆರೆದ ಬಾಯಿ, ಮುಖದ ಮೇಲೆ ಮೆತ್ತನೆಯ ಬೆಳಕು. ಪ್ಯಾರಿಸ್ಸಿನ ಸ್ಟುಡಿಯೊದಲ್ಲಿ ಮಲಗಿದ ಮಾಡೆಲಿಗೆ ಕೊಡುತ್ತಿದ್ದ ಬೆಳಕೇ ಇದು. ವರದಿಯಲ್ಲಿ ಆ ಹುಡುಗಿಯ ಹಲ್ಲುಗಳ ಅಂದದ ಕುರಿತು ಒಂದು ಮಾತು ಬರೆದಿದ್ದಾಳೆ, ಕನಿಕರದ ಮಾತು ಒಂದನ್ನೂ ಬರೆದಿಲ್ಲ. ಇದನ್ನು ಅವಮಾನವೆನ್ನಬೇಕೆ, ಶತ್ರುವಿನ ಮಗಳಿಗೂ ನಿರಾಕರಿಸಲಾಗದ ಗಮನವೆನ್ನಬೇಕೆ? ನಾನು ಎರಡನೆಯದರ ಕಡೆಗೆ ವಾಲುತ್ತೇನೆ, ಆದರೆ ನಿಮ್ಮೊಡನೆ ವಾದಕ್ಕಿಳಿಯುವಷ್ಟು ಗಟ್ಟಿಯಾಗಿ ಅಲ್ಲ.

ಪ್ರಶ್ನೆ (ಬೆಂಗಳೂರಿನ ಮೂವರು ಓದುಗರು): ಇಷ್ಟೆಲ್ಲ ಮಾಡಿದವಳ ಹೆಸರು ನಮಗೆ ಇತ್ತೀಚೆಗೆ, ಕೇಟ್ ವಿನ್ಸ್ಲೆಟ್ ನಟಿಸಿದ ಚಿತ್ರ ಬಂದ ಮೇಲೆ ತಿಳಿಯಿತು. ಇಷ್ಟು ವರ್ಷ ಮರೆಯಾಗಿದ್ದೇಕೆ?

ಉತ್ತರ: ಮರೆಮಾಡಿದವರಲ್ಲಿ ಮೊದಲಿಗಳು ಆಕೆಯೇ. ಯುದ್ಧ ಮುಗಿದರೂ ಲೀ ಮನೆಗೆ ಹೋಗಲಿಲ್ಲ. ವಿಯೆನ್ನಾದ ಆಸ್ಪತ್ರೆಯಲ್ಲಿ ಔಷಧವಿಲ್ಲದೆ ಸಾಯುತ್ತಿದ್ದ ಕೂಸನ್ನು ತೆಗೆದಳು, ಹಂಗೆರಿಯಲ್ಲಿ ಮಾಜಿ ಪ್ರಧಾನಿ ಬಾರ್ದೋಶಿಯನ್ನು ಗುಂಡಿಟ್ಟು ಕೊಂದದ್ದನ್ನು 1946ರ ಜನವರಿಯಲ್ಲಿ ತೆಗೆದಳು. ನಿದ್ದೆಯಿಲ್ಲ, ಕುಡಿತ ಹೆಚ್ಚಿತು. ಇಂದಾದರೆ ವೈದ್ಯರು ಅದಕ್ಕೊಂದು ಹೆಸರು ಕೊಟ್ಟು ಚಿಕಿತ್ಸೆ ಆರಂಭಿಸುತ್ತಿದ್ದರು. ಅಂದು ಮನಸ್ಸು ಗಟ್ಟಿ ಮಾಡಿಕೋ ಎನ್ನುವುದೇ ಚಿಕಿತ್ಸೆ. 1947ರಲ್ಲಿ ಪೆನ್‌ರೋಸ್‌ನನ್ನು ಮದುವೆಯಾದಳು, ಅದೇ ವರ್ಷ ಮಗ ಆಂಟನಿ ಹುಟ್ಟಿದ. 1949ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಫಾರ್ಲಿ ಫಾರ್ಮ್ ಎಂಬ ತೋಟದ ಮನೆ ಸೇರಿದರು. ಅಲ್ಲಿಗೆ ಬರುತ್ತಿದ್ದ ಕಲಾವಿದರನ್ನು ಲೀ ಆಗೊಮ್ಮೆ ಈಗೊಮ್ಮೆ ತೆಗೆಯುತ್ತಿದ್ದಳು. 1953ರಲ್ಲಿ ಅತಿಥಿಗಳಿಗೆ ಮನೆಗೆಲಸ ಹಚ್ಚುವ ಕಲೆಯ ಕುರಿತು ‘ವೋಗ್’ಗೆ ಒಂದು ತಮಾಷೆಯ ಸಚಿತ್ರ ಲೇಖನ ಕೊಟ್ಟಳು. ಅಲ್ಲಿಗೆ ಪತ್ರಿಕೆಯ ಕೆಲಸ ಹೆಚ್ಚುಕಡಿಮೆ ನಿಂತಿತು. ಹಳೆಯ ಚಿತ್ರ ಕೇಳಿಕೊಂಡು ಬಂದವರಿಗೆ, ಅದೆಲ್ಲ ಹಾಳಾಗಿಹೋಯಿತು, ಅದರಲ್ಲೇನಿದೆ ಎಂದು ಸಾಗಹಾಕುತ್ತಿದ್ದಳು.

1977ರ ಜುಲೈ ತಿಂಗಳಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು. ಮಗ ಆಂಟನಿ ಪೆನ್‌ರೋಸ್‌ಗೆ ತಾಯಿಯೊಂದಿಗೆ ಹೊಂದಿಕೆಯಿರಲಿಲ್ಲ; ಕುಡಿದು ರೇಗುವ ತಾಯಿ ಒಂದು ಕಾಲದಲ್ಲಿ ಏನಾಗಿದ್ದಳೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ಆಕೆ ಸತ್ತ ಮೇಲೆ ಅವನ ಹೆಂಡತಿ ಅಟ್ಟ ಹತ್ತಿ ಹಳೆಯ ಪೆಟ್ಟಿಗೆಗಳನ್ನು ತೆರೆದಳು. ಫೋಟೊ, ನೆಗೆಟಿವ್, ಕಾಗದಪತ್ರಗಳೆಲ್ಲ ಸೇರಿ ಸುಮಾರು 60,000. ಮೊದಲು ಕೈಗೆ ಬಂದವುಗಳಲ್ಲಿ ಸಾಂ ಮಾಲೊ ವರದಿಯ ಹಸ್ತಪ್ರತಿಯೂ ಇತ್ತು. ಓದಿದ ಮಗ, ಇದನ್ನು ಬರೆದವಳು ತನ್ನ ತಾಯಿಯೇ ಎಂದು ಖಾತ್ರಿ ಮಾಡಿಕೊಳ್ಳಲು ಡೇವಿಡ್ ಶೆರ್ಮನ್‌ನನ್ನು ಕೇಳಬೇಕಾಯಿತು. ಇಂದು ನಾವು ನೋಡುವ ಚಿತ್ರಗಳಲ್ಲಿ ಬಹುಪಾಲು ಆ ಅಟ್ಟದಿಂದಿಳಿದು ಬಂದವು.

ಪ್ರಶ್ನೆ (ತುಮಕೂರಿನ ಓದುಗರು): ಅದೇ ಕಾಲದಲ್ಲಿ ನಮ್ಮ ದೇಶದಲ್ಲಿ ಇಂಥ ಹೆಂಗಸರು ಯಾರೂ ಇರಲಿಲ್ಲವೆ?

ಉತ್ತರ: ಹೋಮಾಯಿ ವ್ಯಾರಾವಾಲಾ ಇದ್ದರು. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದ ಪಾರ್ಸಿ ಮಹಿಳೆ. ಅವರ ಮೊದಮೊದಲ ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾದವು. ‘ಡಾಲ್ಡಾ 13’ ಎಂಬ ಗುಪ್ತನಾಮವೂ ಅವರಿಗಿತ್ತು. 1942ರಿಂದ ದೆಹಲಿಯಲ್ಲಿ ಬ್ರಿಟಿಷ್ ಮಾಹಿತಿ ಸೇವೆಗೆ ಕೆಲಸ ಮಾಡಿದರು. ಸೀರೆಯುಟ್ಟು, ಭಾರದ ಕ್ಯಾಮೆರಾ ಹೊತ್ತು, ಸ್ವಾತಂತ್ರ್ಯದ ದಿನಗಳನ್ನೂ ಗಾಂಧೀಜಿಯವರ ಅಂತ್ಯಯಾತ್ರೆಯನ್ನೂ ತೆಗೆದರು. 1970ರ ಸುಮಾರಿಗೆ ಕ್ಯಾಮೆರಾ ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ. 2011ರಲ್ಲಿ ಪದ್ಮವಿಭೂಷಣ ಬಂತು, 2012ರ ಜನವರಿಯಲ್ಲಿ ತೀರಿಕೊಂಡರು. ಅವರ ಕುರಿತು ಬೇರೆಯೇ ಸಂಚಿಕೆ ಬೇಕು. ಪ್ರಶ್ನೆಗಳನ್ನು ಈಗಲೇ ಕಳಿಸಿ.

ಪ್ರಶ್ನೆ (ಶಿರಸಿಯ ಗೃಹಿಣಿ): ಕೊನೆಗಾಲದಲ್ಲಿ ಅಡುಗೆಯಲ್ಲಿ ಹೆಸರು ಮಾಡಿದಳಂತೆ, ಹೌದೆ?

ಉತ್ತರ: ಹೌದು. ಪ್ಯಾರಿಸ್ಸಿನ ಹೆಸರಾಂತ ಕಾರ್ಡಾನ್ ಬ್ಲೂ ಪದ್ಧತಿಯಲ್ಲಿ ಅಡುಗೆಯ ತರಬೇತಿ ಪಡೆದು, ಪಾಕಪುಸ್ತಕಗಳನ್ನು ಕಪಾಟುಗಟ್ಟಲೆ ಕೂಡಿಹಾಕಿದ್ದಳು. ಬಣ್ಣದ ಕಣ್ಣು ಅಡುಗೆಮನೆಯಲ್ಲೂ ಸುಮ್ಮನಿರಲಿಲ್ಲ. ನೀಲಿ ಬಣ್ಣದ ಸ್ಪಗೆಟಿ ಬಡಿಸಿದ್ದುಂಟು. ಅಮೆರಿಕದವರದು ಮಾರ್ಷ್‌ಮ್ಯಾಲೊ ಮತ್ತು ಕೋಕಾಕೋಲಾ ಸಂಸ್ಕೃತಿಯೆಂದು ಊಟದ ಮೇಜಿನಲ್ಲಿ ಹಂಗಿಸಿದ ಇಂಗ್ಲಿಷ್ ವಿಮರ್ಶಕನೊಬ್ಬನಿಗೆ, ಆ ಎರಡನ್ನೇ ಬೆರೆಸಿ ಐಸ್‌ಕ್ರೀಮು ಮಾಡಿ, ಏನೆಂದು ಹೇಳದೆ ಬಡಿಸಿದಳಂತೆ. ಅವನು ಚಪ್ಪರಿಸಿ ತಿಂದ ಮೇಲೆ ಹೆಸರು ಹೇಳಿದಳು.